ಗೆರೆ ಚುಕ್ಕಿಯಾಗುವ ಹೊತ್ತು

ವೆಕ್ಟರ್ ಕಡತದಲ್ಲಿರುವುದು ಚಿತ್ರ ಬಿಡಿಸುವ ಲೆಕ್ಕ: ಈ ಬಿಂದುವಿನಿಂದ ಆ ಬಿಂದುವಿಗೆ ಇಂಥ ಬಾಗು, ಒಳಗೆ ಇಂಥ ಬಣ್ಣ. ಕನ್ನಡ ಫಾಂಟಿನ ಅಕ್ಷರಗಳೂ ಹೀಗೆಯೇ ಇರುತ್ತವೆ. ಪರದೆಗೆ ಬಂದಾಗಲಷ್ಟೇ ಪಿಕ್ಸೆಲ್‌ಗಳಾಗುತ್ತವೆ. ಹಾಗಾಗಿ ಎಸ್‌ವಿಜಿ ಎಂಬ ವೆಕ್ಟರ್ ಕಡತವನ್ನು ಪಿಎನ್‌ಜಿ ಎಂಬ ಪಿಕ್ಸೆಲ್ ಚಿತ್ರ ಮಾಡುವುದರಲ್ಲಿ ದೋಷವಿಲ್ಲ; ಅಳತೆ ಗೊತ್ತಾಗುವ ಮೊದಲೇ ಮಾಡುವುದರಲ್ಲಿದೆ. ಇಂಚಿಗೆ 300 ಚುಕ್ಕಿಯಂತೆ ಎ4 ಹಾಳೆಗೆ 2480 × 3508 ಪಿಕ್ಸೆಲ್ ಬೇಕು. 500 ಪಿಕ್ಸೆಲ್ ಅಗಲದ ಲೋಗೋವನ್ನು ಅಷ್ಟಗಲ ಹಿಗ್ಗಿಸಿದರೆ ಅಂಚು ಮೆಟ್ಟಿಲಾಗುತ್ತದೆ, ಇಲ್ಲವೇ ಮಸುಕಾಗುತ್ತದೆ.

ಪಿಎನ್‌ಜಿ ಯಾವ ಫೋನಿನಲ್ಲೂ ತೆರೆಯುತ್ತದೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಒತ್ತಕ್ಷರ ಚೆದುರದು ಎಂಬ ವಾದ ನಿಜವೇ. ಆದರೆ ಅಕ್ಷರಗಳನ್ನು ಗೆರೆಗಳಾಗಿಸಿಟ್ಟರೆ ಫಾಂಟಿನ ತೊಂದರೆ ವೆಕ್ಟರ್‌ಗೂ ಇಲ್ಲ. ಫೋನಿಗೆ ಒಂದು ಪ್ರತಿ ತೆಗೆದರೆ ಸಾಕು, ಮೂಲವನ್ನೇಕೆ ಅಳಿಸಬೇಕು? ಚುಕ್ಕಿಯಿಂದ ಗೆರೆಗೆ ಮರಳಿಸುವ ತಂತ್ರಾಂಶಗಳು ಅಂಚನ್ನು ಊಹಿಸುತ್ತವಷ್ಟೇ. ಪುಟ್ಟ ಚಿತ್ರದಲ್ಲಿ ‘ಥ’ದ ಹೊಟ್ಟೆಯ ಚುಕ್ಕಿ ಕರಗಿದ್ದರೆ, ಅವು ‘ಧ’ವನ್ನೇ ನುಣ್ಣಗೆ ಬಿಡಿಸಿ ಕೊಡುತ್ತವೆ.