ಮೂಲಪುರುಷ ಯಾಕೋಬನೂ ನಮ್ಮ ನೆರೆಯ ಬೆನೆ ಇಸ್ರಾಯೇಲರೂ

ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಹಿರಿಯರೊಬ್ಬರು ಒಂದು ಸಂಜೆ ಕೇಳಿದರು: "ಥಾಣೆಯಲ್ಲಿ ಸಿವಿಲ್ ಆಸ್ಪತ್ರೆಯ ಹತ್ತಿರ ಒಂದು ಹಳೆಯ ಪ್ರಾರ್ಥನಾಮಂದಿರ ಉಂಟಲ್ಲ, ಅದು ಮಸೀದಿಯೋ, ಇಗರ್ಜಿಯೋ?" ಎರಡೂ ಅಲ್ಲ. ಅದು ಯೆಹೂದ್ಯರ ಮಂದಿರ. ಮನೆಯಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರಾಯೇಲ್ ಎಂಬ ಜನರು 1879ರಲ್ಲಿ ಕಟ್ಟಿಸಿದ್ದು. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಮಂದಿರದ ಹೆಸರಿನ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕ ಕಥೆ, ಊರು ಬಿಟ್ಟು ಬಂದ ನಮ್ಮಂಥವರಿಗೆ ಬಹಳ ಹತ್ತಿರದ್ದಾಗಿ ಕಂಡಿತು. ಅದನ್ನು ವಾಚಕರ ಮುಂದಿಡುತ್ತೇವೆ.

ಥಾಣೆಯ ಮಂದಿರದ ಹೆಸರು ಶಾರ್ ಹಶಮಾಯಿಮ್. ಹೀಬ್ರೂ ಭಾಷೆಯಲ್ಲಿ ಹೀಗೆಂದರೆ 'ಸ್ವರ್ಗದ ಬಾಗಿಲು'. ನವೀ ಮುಂಬಯಿಯ ಮಗ್ಗುಲಿಗಿರುವ ಪನವೇಲದಲ್ಲಿ ಇದೇ ಜನರ ಇನ್ನೊಂದು ಮಂದಿರವಿದೆ, 1849ರದು. ಅದರ ಹೆಸರು ಬೇತೇಲ್, ಅಂದರೆ 'ದೇವರ ಮನೆ'. ಈ ಎರಡು ಹೆಸರುಗಳೂ ಒಬ್ಬನೇ ಮನುಷ್ಯನ ಬಾಯಿಂದ, ಒಂದೇ ಬೆಳಗಿನಲ್ಲಿ ಬಂದವು ಎಂದು ಬೈಬಲ್ಲಿನ ಆದಿಕಾಂಡ ಹೇಳುತ್ತದೆ. ಆತನೇ ಯಾಕೋಬ.

ಯಾಕೋಬ ಅಬ್ರಹಾಮನ ಮೊಮ್ಮಗ, ಇಸಾಕನ ಮಗ. ಯೆಹೂದ್ಯರು ತಮ್ಮ ಮೂಲಪುರುಷರೆಂದು ಎಣಿಸುವ ಮೂವರಲ್ಲಿ ಕೊನೆಯವನು. ಮೂಲಪುರುಷ ಎಂದೊಡನೆ ನಾವು ದೊಡ್ಡ ತಪಸ್ವಿಯನ್ನೋ ಶೂರನನ್ನೋ ಎದುರುನೋಡುತ್ತೇವೆ. ಯಾಕೋಬ ಹಾಗಿಲ್ಲ. ಅವಳಿ ಅಣ್ಣ ಏಸಾವ ಹಸಿದು ಬಂದಾಗ ಒಂದು ಬಟ್ಟಲು ಕೆಂಪು ಬೇಳೆಯ ಅಡಿಗೆ ಕೊಟ್ಟು, ಹಿರಿಯ ಮಗನ ಹಕ್ಕನ್ನೇ ಬರೆಯಿಸಿಕೊಂಡಂತೆ ಕೊಂಡುಕೊಂಡ. ಮುಂದೆ ಕಣ್ಣು ಮಂದವಾದ ಮುದಿ ತಂದೆಯ ಮುಂದೆ, ಅಣ್ಣನ ಬಟ್ಟೆ ತೊಟ್ಟು, ಕೈಗೆ ಆಡುಮರಿಯ ಚರ್ಮ ಸುತ್ತಿಕೊಂಡು, ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನೂ ಪಡೆದ. ಅಣ್ಣ ಕೊಲ್ಲುತ್ತೇನೆಂದು ನಿಂತ. ತಾಯಿ ರೆಬೆಕ್ಕಳು ಮಗನನ್ನು ದೂರದ ಖಾರಾನ್ ಎಂಬ ಊರಿಗೆ, ತನ್ನ ಅಣ್ಣ ಲಾಬಾನನ ಮನೆಗೆ, ಓಡಿಸಿದಳು.

ದಾರಿಯಲ್ಲಿ ಹೊತ್ತು ಮುಳುಗಿತು. ಗುರುತಿನವರಿಲ್ಲ, ಹಾಸಿಗೆಯಿಲ್ಲ. ಒಂದು ಕಲ್ಲನ್ನು ತಲೆಗಿಟ್ಟುಕೊಂಡು ಬಯಲಲ್ಲೇ ಮಲಗಿದ. ಕನಸಿನಲ್ಲಿ ಒಂದು ನಿಚ್ಚಣಿಕೆ. ಬುಡ ನೆಲದ ಮೇಲೆ, ತುದಿ ಆಕಾಶಕ್ಕೆ. ಅದರ ಮೇಲೆ ದೇವದೂತರು ಹತ್ತುತ್ತಲೂ ಇಳಿಯುತ್ತಲೂ ಇದ್ದರು. ನೀನು ಹೋದಲ್ಲೆಲ್ಲ ನಾನು ಜೊತೆಗಿದ್ದು ಮತ್ತೆ ಈ ನೆಲಕ್ಕೆ ಕರೆತರುವೆನೆಂದು ದೇವರು ಭಾಷೆ ಕೊಟ್ಟ. ಎಚ್ಚೆತ್ತ ಯಾಕೋಬನಿಗೆ ಭಯವಾಯಿತು. ತಾನು ಬರೀ ಬಯಲೆಂದು ತಿಳಿದ ಸ್ಥಳ ದೇವರ ಮನೆಯೂ ಸ್ವರ್ಗದ ಬಾಗಿಲೂ ಆಗಿತ್ತೆಂದು ಅವನಿಗೆ ಆಗ ಹೊಳೆಯಿತು. ತಲೆಗಿಟ್ಟ ಕಲ್ಲನ್ನು ಎತ್ತಿ ನಿಲ್ಲಿಸಿ, ನಾವು ಅಭಿಷೇಕ ಮಾಡುವಂತೆ ಅದರ ಮೇಲೆ ಎಣ್ಣೆ ಹೊಯ್ದ. ಆ ಸ್ಥಳಕ್ಕೆ ಬೇತೇಲ್ ಎಂದು ಹೆಸರಿಟ್ಟ. ಆ ಹೊತ್ತಿನಲ್ಲಿ ಅವನು ಬೇಡಿದ್ದೇನು? ರಾಜ್ಯವಲ್ಲ, ಸಿರಿಯಲ್ಲ. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ, ಕೊನೆಗೆ ಸುಖವಾಗಿ ತಂದೆಯ ಮನೆಗೆ ಹಿಂತಿರುಗುವುದು. ಟ್ರಂಕು ಹಿಡಿದು ಕಲ್ಯಾಣದ ನಿಲ್ದಾಣದಲ್ಲಿ ಇಳಿದ ನಮ್ಮ ಹಿರಿಯರೂ ಇದಕ್ಕಿಂತ ಬೇರೇನು ಬೇಡಿದ್ದರು?

ಈ ಕನಸಿನ ಬಗ್ಗೆ ಯೆಹೂದ್ಯ ಪಂಡಿತರು ಒಂದು ಸೂಕ್ಷ್ಮ ಪ್ರಶ್ನೆ ಎತ್ತಿದ್ದಾರೆ. ದೇವದೂತರು ಇರುವುದು ಮೇಲೆ. ಅಂದಮೇಲೆ ಅವರು ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಗ್ರಂಥದಲ್ಲಿ ಹತ್ತುವುದೇ ಮೊದಲು ಏಕೆ ಬಂತು? ಸುಮಾರು 900 ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿದ್ದ ರಾಶಿ ಎಂಬ ಪ್ರಸಿದ್ಧ ವ್ಯಾಖ್ಯಾನಕಾರ (1040–1105) ಕೊಡುವ ಉತ್ತರ ಹೀಗೆ: ಸ್ವದೇಶದಲ್ಲಿ ಯಾಕೋಬನನ್ನು ಕಾಯುತ್ತಿದ್ದ ದೂತರು ಗಡಿ ದಾಟುವಂತಿಲ್ಲ, ಅವರು ಹತ್ತಿ ಹೋದರು. ಪರದೇಶದಲ್ಲಿ ಕಾಯಬೇಕಾದ ದೂತರು ಇಳಿದು ಬಂದರು. ಊರ ಸೀಮೆಯ ದೇವರಿಗೆ ಕಾಯಿ ಒಡೆದು ಹೊರಟು, ಇಲ್ಲಿಯ ದೇವರಿಗೂ ಕೈಮುಗಿದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ರೈಸ್ತರಾದರೋ ಆ ನಿಚ್ಚಣಿಕೆಯನ್ನು ಯೇಸುವಿನಲ್ಲೇ ಕಾಣುತ್ತಾರೆ. ಭೂಮಿಗೂ ಸ್ವರ್ಗಕ್ಕೂ ಆತನೇ ದಾರಿ ಎಂಬುದು ಅವರ ಅರ್ಥ. ಮುಸಲ್ಮಾನರಿಗೆ ಯಾಕೋಬ, ಯಾಕೂಬ್ ಎಂಬ ಪ್ರವಾದಿ.

ಮುಂದಿನ ಕಥೆ ಗಿರಣಿಯ ಪಗಾರ ಪಟ್ಟಿ ಬರೆಯುವ ನಮಗೆ ವಿಶೇಷ ರುಚಿಸಿತು. ಸೋದರಮಾವನ ಕಿರಿಯ ಮಗಳು ರಾಹೇಲಳನ್ನು ಮೆಚ್ಚಿ ಯಾಕೋಬ ಏಳು ವರ್ಷ ದುಡಿದ. ಮದುವೆಯ ರಾತ್ರಿ ಮಾವ ಹಿರಿಯ ಮಗಳು ಲೇಯಳನ್ನು ಒಪ್ಪಿಸಿಬಿಟ್ಟ. ಕುರುಡು ತಂದೆಯನ್ನು ವಂಚಿಸಿದವನು ಕತ್ತಲೆಯಲ್ಲಿ ತಾನೇ ವಂಚಿತನಾದ! ರಾಹೇಲಳಿಗಾಗಿ ಮತ್ತೆ ಏಳು ವರ್ಷ, ಕುರಿ ಮಂದೆಗಾಗಿ ಆರು ವರ್ಷ, ಒಟ್ಟು 20 ವರ್ಷದ ಚಾಕರಿ. ಅಷ್ಟರಲ್ಲಿ ಮಾವ ತನ್ನ ಸಂಬಳವನ್ನು ಹತ್ತು ಸಲ ಬದಲಿಸಿದನೆಂದು ಯಾಕೋಬನ ದೂರು.

ಕೊನೆಗೆ ಹೆಂಡಿರು ಮಕ್ಕಳೊಡನೆ ಊರಿಗೆ ಹೊರಟಾಗ ಅಣ್ಣನ ಭಯ. ಯಬ್ಬೋಕ್ ಎಂಬ ಹೊಳೆಯ ದಂಡೆಯಲ್ಲಿ ರಾತ್ರಿಯೆಲ್ಲ ಅಪರಿಚಿತನೊಬ್ಬ ಅವನೊಡನೆ ಕುಸ್ತಿಗೆ ಬಿದ್ದ. ತೊಡೆಯ ಕೀಲು ತಪ್ಪಿದರೂ ಯಾಕೋಬ ಹಿಡಿತ ಸಡಿಲಿಸಲಿಲ್ಲ. ಹರಸಿದ ಹೊರತು ಬಿಡೆನೆಂದ. ಆಗ ಅವನಿಗೆ ದೊರೆತ ಹೊಸ ಹೆಸರು ಇಸ್ರಾಯೇಲ್, ದೇವರೊಡನೆ ಸೆಣಸಿದವನು. ಬೆಳಿಗ್ಗೆ ಕುಂಟುತ್ತ ಹೋದ ತಮ್ಮನನ್ನು ಅಣ್ಣ ಓಡಿಬಂದು ತಬ್ಬಿಕೊಂಡ.

ಬೆನೆ ಇಸ್ರಾಯೇಲ್ ಎಂದರೆ ಈ ಇಸ್ರಾಯೇಲನ ಮಕ್ಕಳು. ತಮ್ಮ ಪೂರ್ವಜರ ಹಡಗು ಅಲಿಬಾಗದ ಹತ್ತಿರದ ನವಗಾಂವ ಬಳಿ ಒಡೆದು, ಏಳು ಗಂಡಸರೂ ಏಳು ಹೆಂಗಸರೂ ಮಾತ್ರ ದಡ ಸೇರಿದರೆಂದು ಅವರ ಪರಂಪರೆ. ಕೊಂಕಣದ ಹಳ್ಳಿಗಳಲ್ಲಿ ಅವರು ಗಾಣದ ಎಣ್ಣೆ ತೆಗೆದು ಬಾಳಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಜನ ಅವರನ್ನು 'ಶನಿವಾರ ತೇಲಿ' ಎಂದರು. ಪೇಣಕರ, ದಿವೇಕರ ಎಂದು ಹಳ್ಳಿಗಳ ಹೆಸರೇ ಅಡ್ಡಹೆಸರಾಯಿತು. ಹರಕೆ ತೀರಿಸುವಾಗ ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಹಣ್ಣುಗಳ 'ಮಲೀದಾ' ಹಂಚುತ್ತಾರೆ.

ಈ ಹೆಸರಿಗೆ ಕನ್ನಡ ನಾಡಿನ ನಂಟೂ ಉಂಟು. ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಇಝೆಕಿಯೆಲ್ ದಿವೇಕರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ನೀವು ಯಾವ ಜನ ಎಂದು ಕೇಳಿದಾಗ ಬೆನೆ ಇಸ್ರಾಯೇಲ್ ಎಂದನಂತೆ. ಕುರಾನಿನಲ್ಲಿ ಬರುವ ಆ ಜನರನ್ನು ಕಣ್ಣಾರೆ ಕಂಡಿರಲಿಲ್ಲವೆಂದು ಟಿಪ್ಪುವಿನ ತಾಯಿ ಅವನ ಪ್ರಾಣ ಉಳಿಸುವಂತೆ ಮಗನನ್ನು ಬೇಡಿಕೊಂಡಳೆಂದು ಆ ಸಮಾಜದಲ್ಲಿ ಇಂದಿಗೂ ಹೇಳುತ್ತಾರೆ. ಬದುಕಿ ಬಂದ ದಿವೇಕರ 1796ರಲ್ಲಿ ಮುಂಬಯಿಯಲ್ಲಿ 'ದಯೆಯ ಬಾಗಿಲು' ಎಂಬ ಮಂದಿರ ಕಟ್ಟಿಸಿದ. ಸುತ್ತಲಿನವರು ಅದನ್ನು ಹಳೆಯ ಮಸೀದಿಯೆಂದೇ ಕರೆದರು. ನಾವು ಲೋಕಲ್ ಗಾಡಿಯಲ್ಲಿ ಹಾಯುವ ಮಸ್ಜಿದ್ ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಆದಕಾರಣ ನಮ್ಮ ಹಿರಿಯರು ಮಸೀದಿಯೋ ಎಂದು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಯಾಕೋಬ ಮುದಿತನದಲ್ಲಿ ಮತ್ತೆ ಊರು ಬಿಡಬೇಕಾಯಿತು. ಬರಗಾಲದಲ್ಲಿ ಮಗ ಯೋಸೇಫನಿದ್ದ ಐಗುಪ್ತಕ್ಕೆ ಹೋಗಿ, 147ನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡ. ತನ್ನನ್ನು ಅಲ್ಲಿ ಹೂಳದೆ ಹೆಬ್ರೋನಿನಲ್ಲಿ ತಂದೆ ತಾತಂದಿರ ಪಕ್ಕಕ್ಕೆ ಒಯ್ಯಬೇಕೆಂದು ಮಕ್ಕಳಿಂದ ಮಾತು ತೆಗೆದುಕೊಂಡಿದ್ದ. 1948ರಲ್ಲಿ ಇಸ್ರಾಯೇಲ್ ರಾಜ್ಯ ಸ್ಥಾಪನೆಯಾದ ಮೇಲೆ ಬೆನೆ ಇಸ್ರಾಯೇಲರಲ್ಲಿ ಬಹುಪಾಲು ಜನ ಅದೇ ನೆಲಕ್ಕೆ ಹೋದರು. ಹೋದಲ್ಲಿ, ಇವರು ಪೂರ್ಣ ಯೆಹೂದ್ಯರು ಹೌದೋ ಅಲ್ಲವೋ ಎಂಬ ಅನುಮಾನ ಎದುರಾಯಿತು. ಹೋರಾಡಿ 1964ರಲ್ಲಿ ಸಮಾನ ಸ್ಥಾನ ಪಡೆದರು. ಅಲ್ಲಿಯೂ ಅವರು 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆಯನ್ನು ನಡೆಸಿದರೆಂಬುದನ್ನು ಗಮನಿಸಬೇಕು. ಇಲ್ಲಿ ಉಳಿದವರು ಕೆಲವರೇ. ಅವರಿಗೆ ಮಹಾರಾಷ್ಟ್ರ ಸರಕಾರ 2016ರಲ್ಲಿ ಅಲ್ಪಸಂಖ್ಯಾತರೆಂಬ ಮಾನ್ಯತೆ ಕೊಟ್ಟಿತು.

ಮೂಲಪುರುಷನ ನೆಲಕ್ಕೆ ಮರಳಿದವರು ಕೊಂಕಣದ ಮಾತನ್ನು ಬಿಡಲಿಲ್ಲ. ಕೊಂಕಣದಲ್ಲಿದ್ದಾಗ ಮೂಲಪುರುಷನ ಹೆಸರನ್ನು ಬಿಟ್ಟಿರಲಿಲ್ಲ. ನಮ್ಮ ಮಕ್ಕಳು ನಾಳೆ ಎಲ್ಲಿಗೆ ಹೋಗುವರೋ ಬಲ್ಲವರಾರು? ವಾಚನಾಲಯದ ಕಪಾಟಿನಲ್ಲಿ ಕನ್ನಡ ಬೈಬಲ್ಲಿನ ಪ್ರತಿಯಿದೆ. ಯಾಕೋಬನ ಕಥೆ ಆದಿಕಾಂಡದ 25ನೆಯ ಅಧ್ಯಾಯದಿಂದ ಮೊದಲಾಗುತ್ತದೆ. ಮಕ್ಕಳನ್ನು ಕೂಡಿಸಿಕೊಂಡು ಓದಿರಿ. ಮುಂದಿನ ಸಲ ಥಾಣೆಯ ಆ ಹಾದಿಯಲ್ಲಿ ಹೋಗುವಾಗ, ಬಯಲಲ್ಲಿ ಕಲ್ಲಿಗೆ ತಲೆಯಿಟ್ಟು ಮಲಗಿದವನೊಬ್ಬನ ನೆನಪು ಆ ಬಾಗಿಲಿನಲ್ಲಿದೆಯೆಂದು ಅವರಿಗೆ ತೋರಿಸಿರಿ.