ಕುದಿಸಿದರೂ ಹೋಗದ ನೈಟ್ರೇಟ್

ನೀರು ಸಿಹಿಯೋ ಸವಳೋ ಎಂದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಹಿರಿಯರು ಒಂದು ಗುಟುಕಿಗೇ ಹೇಳಿಬಿಡುತ್ತಾರೆ. ಆದರೆ ನಾಲಿಗೆಯ ಈ ಪರೀಕ್ಷೆಗೆ ನೈಟ್ರೇಟ್ ಸಿಕ್ಕಿಬೀಳುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಕೂಡದು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. ಬೇರೆ ನೀರಿಲ್ಲ ಎಂಬ ನೆಪಕ್ಕೂ ರಿಯಾಯಿತಿ ಇಲ್ಲ. ಮಿತಿ ಮೀರಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ಆವಿಯಾಗುವುದು ನೀರು ಮಾತ್ರ. ಪಾತ್ರೆಯಲ್ಲಿ ಉಳಿದದ್ದರಲ್ಲಿ ನೈಟ್ರೇಟ್ ಮತ್ತಷ್ಟು ಸಾಂದ್ರ.

ಸೊಲ್ಲಾಪುರ ಜಿಲ್ಲೆಯ ಬಹುಪಾಲು ಬಸಾಲ್ಟ್ ಬಂಡೆಯ ಮೇಲಿನ ಎರೆ ಸೀಮೆ. ಕಬ್ಬಿಗೆ ಸುರಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಶೌಚಗುಂಡಿಯ ಸೋರಿಕೆ ಎಲ್ಲಕ್ಕೂ ಬಂಡೆಯ ಬಿರುಕೇ ದಾರಿ, ಬಾವಿಯೇ ಗುರಿ. ಸೊಲ್ಲಾಪುರ ನಗರ ನೆಚ್ಚಿರುವ ಭೀಮೆಯ ಉಜನಿ ಜಲಾಶಯಕ್ಕೂ ಪುಣೆಯ ಕೊಳಚೆಯ ಕಾಟ ತಪ್ಪಿಲ್ಲ.

ಹಾಗಾಗಿ ಎಲ್ಲೆಡೆ ಆರ್‌ಓ (ರಿವರ್ಸ್ ಆಸ್ಮೋಸಿಸ್) ಯಂತ್ರ. ಅದರ ಹಿಂದಿನ ಪೊರೆಯನ್ನು 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದ ಶ್ರೀನಿವಾಸ ಸೌರಿರಾಜನ್. ಪೊರೆಯೆಂದರೆ ಬರೀ ಸಣ್ಣ ರಂಧ್ರಗಳ ಜರಡಿ ಎಂದುಕೊಳ್ಳುತ್ತೇವೆ, ಅರ್ಧ ಸತ್ಯ. ಅದರ ಮೈಮೇಲಿನ ವಿದ್ಯುದಾವೇಶವೂ ಅಷ್ಟೇ ಮುಖ್ಯ. ಸಲ್ಫೋನಿಕ್ ಗುಂಪು ಅಂಟಿಸಿದರೆ ಪೊರೆ ಋಣಾವೇಶ ಪಡೆದು, ಋಣ ಅಯಾನುಗಳನ್ನು ದೂರ ತಳ್ಳುತ್ತದೆ. ಎರಡು ಆವೇಶದ ಸಲ್ಫೇಟ್ ಸುಲಭವಾಗಿ ಹಿಂದೆ ಸರಿಯುತ್ತದೆ, ಒಂದೇ ಆವೇಶದ ನೈಟ್ರೇಟ್ ಅದಕ್ಕಿಂತ ಹೆಚ್ಚು ನುಸುಳುತ್ತದೆ. ಆರ್ಸೆನಿಕ್‌ನದು ಇನ್ನೊಂದು ಆಟ: ಅದರ ಮೂರರ ವೇಲೆನ್ಸಿಯ ರೂಪ ಸಾಮಾನ್ಯ ನೀರಿನಲ್ಲಿ ಆವೇಶರಹಿತ. ಮೊದಲು ಉತ್ಕರ್ಷಿಸಿ ಆವೇಶ ಕೊಟ್ಟರೆ ಮಾತ್ರ ಪೊರೆಗೆ ಅದನ್ನು ಚೆನ್ನಾಗಿ ತಡೆಯಲಾಗುತ್ತದೆ. ನೀರಿನಲ್ಲಿ ಆರ್ಸೆನಿಕ್ ಕಂಡುಬಂದ ಸುರಪುರದ ಕಿರದಳ್ಳಿ ತಾಂಡಾದಂಥ ಕಡೆ, ಅದು ಯಾವ ರೂಪದಲ್ಲಿದೆ ಎಂಬುದು ಯಂತ್ರ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ.

ಆರ್‌ಓ ನೈಟ್ರೇಟನ್ನು ಗಣನೀಯವಾಗಿ ತಗ್ಗಿಸುತ್ತದೆ, ನಿಜ. ಜೊತೆಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತವೆ. ಮನೆಯ ಯಂತ್ರದಲ್ಲಂತೂ ಕುಡಿಯಲು ಸಿಗುವುದಕ್ಕಿಂತ ಚೆಲ್ಲುವುದೇ ಹೆಚ್ಚು. ದಿನಗಟ್ಟಲೆ ಕಾದು ನಲ್ಲಿ ನೀರು ಹಿಡಿಯುವ ಸೊಲ್ಲಾಪುರದವರಿಗೆ ಇದು ದುಬಾರಿ ವ್ಯವಹಾರ. ಚೆಲ್ಲಿದ್ದು ಹಿತ್ತಲಿನಲ್ಲಿ ಇಂಗಿದರೆ ನೈಟ್ರೇಟ್ ಮತ್ತೆ ಅದೇ ಬಾವಿಗೆ!

ನನಗೆ ಹೆಚ್ಚು ಭರವಸೆ ಇರುವುದು ಎಲೆಕ್ಟ್ರೋಡಯಾಲಿಸಿಸ್ ಪೊರೆಗಳ ಮೇಲೆ. ಇಲ್ಲಿ ಪೊರೆಗೆ ಚತುರ್ಥಕ ಅಮೋನಿಯಂ ಗುಂಪು ಸೇರಿಸಿ ಧನಾವೇಶ ಕೊಡುತ್ತಾರೆ, ವಿದ್ಯುತ್ ಹರಿಸಿ ಋಣ ಅಯಾನುಗಳನ್ನು ಸೆಳೆಯುತ್ತಾರೆ. ಪೊರೆಯ ಮೈ ನೀರನ್ನು ಅಷ್ಟಾಗಿ ಹೀರದಂತೆ ಮಾಡಿದರೆ, ಸುತ್ತಲಿನ ನೀರಿನ ಅಣುಗಳನ್ನು ಬೇಗ ಬಿಟ್ಟುಕೊಡುವ ನೈಟ್ರೇಟ್ ಮೊದಲು ದಾಟುತ್ತದೆ, ಬಿಟ್ಟುಕೊಡದ ಸಲ್ಫೇಟ್ ಹಿಂದುಳಿಯುತ್ತದೆ. ಹೀಗೆ ಬೇರ್ಪಟ್ಟ ನೈಟ್ರೇಟ್ ಗೊಬ್ಬರವೇ ಅಲ್ಲವೇ? ಜೊತೆಗೆ ದಾಟುವ ಕ್ಲೋರೈಡಿನ ಪ್ರಮಾಣ ನೋಡಿಕೊಂಡು ಆ ನೀರನ್ನು ಹದವಾಗಿ ಹೊಲಕ್ಕೆ ಹಾಯಿಸಿ, ಅಷ್ಟರ ಮಟ್ಟಿಗೆ ಯೂರಿಯಾ ಚೀಲ ಕಡಿಮೆ ಮಾಡುವ ಲೆಕ್ಕವನ್ನು ರೈತರೊಂದಿಗೆ ಕೂತು ಹಾಕಬಹುದು.