ಯಂತ್ರಸ್ಥಿತಿನಿರೂಪಕ ಕ್ರಮವಿಧಿಗಳ ಶೀಘ್ರತೆ
ಗಣಕದ ಸ್ಮೃತಿ, ಸಂಸ್ಕಾರಕ, ಚಾಲನಕಾಲ ಮೊದಲಾದುವನ್ನು ಆದೇಶಪಂಕ್ತಿಯಲ್ಲಿ ಒಮ್ಮೆಗೇ ನಿರೂಪಿಸುವ ಕ್ರಮವಿಧಿಗಳುಂಟು. ಬ್ಯಾಶ್ ಭಾಷೆಯ ನಿಯೋಫೆಚ್‌ಗಿಂತ ರಸ್ಟ್ ಭಾಷೆಯ ಮ್ಯಾಕಿನಾ ಶೀಘ್ರತರವೆಂಬುದು ದಿಟ. ಆದರೆ ಭಾಷೆಯೊಂದೇ ಅದಕ್ಕೆ ಕಾರಣವೆಂಬುದು ಸಾಧುವಲ್ಲ. ಸಿ ಭಾಷೆಯ ಫಾಸ್ಟ್‌ಫೆಚ್ ಕೂಡ ಶೀಘ್ರವಾಗಿರುವುದಷ್ಟೆ! ಬ್ಯಾಶ್ ಹಲವು ವಿಷಯಗಳಿಗೆ ಅನ್ಯಕ್ರಮವಿಧಿಗಳನ್ನು ಕರೆಯುವುದು. ಪ್ರತಿ ಕರೆಗೂ ಕಾಲವ್ಯಯವುಂಟು. ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೇಯುವವರು ಎಳೆಯೆಳೆಗೂ ಪೇಟೆಗೆ ಹೋದರೆ ಬಟ್ಟೆ ಮುಗಿಯುವುದೆಂದು? ಲಿನಕ್ಸಿನ ತಿರುಳು ತನ್ನ ಲೆಕ್ಕವನ್ನು ‘ಪ್ರಾಕ್’ ಎಂಬ ಕೋಶದಲ್ಲಿ ತೆರೆದಿಟ್ಟಿದೆ. ಅಲ್ಲಿನ ‘ಅಪ್‌ಟೈಮ್’ ಕಡತದ ಮೊದಲನೆಯ ಸಂಖ್ಯೆಯೇ ಯಂತ್ರವು ಎಚ್ಚತ್ತಂದಿನಿಂದ ಕಳೆದ ಸೆಕೆಂಡುಗಳು; 3600ರಿಂದ ಭಾಗಿಸಿದರೆ ಗಂಟೆಗಳು ದೊರೆಯುವುವು. ಇದಕ್ಕೆ ದೂತರೇಕೆ? 2015ರಲ್ಲಿ ಪ್ರಥಮ ಸ್ಥಿರರೂಪವನ್ನು ಪಡೆದ ರಸ್ಟಿನ ವೈಶಿಷ್ಟ್ಯವು ಬೇರೆ: ಪ್ರತಿಯೊಂದು ಮೌಲ್ಯಕ್ಕೂ ಒಂದೇ ಸ್ವಾಮ್ಯ, ಸ್ವಾಮಿಯ ವ್ಯಾಪ್ತಿ ತೀರಿದೊಡನೆ ಸ್ಮೃತಿಯ ಬಿಡುಗಡೆ. ಈ ನಿಯಮದ ಭಂಗವನ್ನು ಸಂಕಲಕವು ಕ್ರಮವಿಧಿ ಓಡುವ ಮುನ್ನವೇ ಹಿಡಿಯುವುದು.